ಗಿಲೀಟು ಮಾತ್ರೆ

ನಾಗಮಂಗಲ
10-6-1996

ಚಿಕ್ಕಮ್ಮನಿಗೆ ಪ್ರಮೀಳಾ ಮಾಡುವ ನಮಸ್ಕಾರ.

ಮೊದಲ ಸಾಲಿನಲ್ಲಿ ಕ್ಷೇಮ ಅಂತ ಬರೆಯಬೇಕು, ಗೊತ್ತು. ಬರೆಯುವುದಿಲ್ಲ. ಕ್ಷೇಮವಾಗಿದ್ದರೆ ಈ ಹೊತ್ತಿನಲ್ಲಿ ಅಂಗಡಿಯಲ್ಲಿ ಅಗ್ಗಿಷ್ಟಿಕೆ ಮುಂದೆ ಕೂತಿರುತ್ತಿದ್ದೆ. ಅಡುಗೆಮನೆಯಲ್ಲಿ ಕೂತು ನಿನಗೆ ಕಾಗದ ಗೀಚುತ್ತಿರಲಿಲ್ಲ.

ಹೋದ ವಾರ ಒಂದು ಓಲೆಗೆ ಬೆಸುಗೆ ಹಾಕುತ್ತಿದ್ದೆ. ಬೆಳಗಿನ ಮಾತ್ರೆ ತಗೊಂಡು ಒಂದು ಗಂಟೆ ಆಗಿತ್ತು. ನಿನಗೆ ಗೊತ್ತಲ್ಲ, ಆ ಹೊತ್ತಿಗೆ ನನಗೆ ಒಂದು ದೀಪ ಎರಡಾಗಿ ಕಾಣುತ್ತದೆ, ತಲೆ ಗಿರ್ರನ್ನುತ್ತದೆ. ಓಲೆಯೂ ಎರಡು ಕಂಡವು. ಯಾವುದು ನಿಜ ಅಂತ ನೋಡುವಷ್ಟರಲ್ಲಿ ತಿರುಪು ಕರಗಿ ಬಟಾಣಿ ಕಾಳಿನಂತಾಯಿತು. ಅಪ್ಪ ನನ್ನ ಕೈಯಿಂದ ಊದುಗೊಳವೆ ತೆಗೆದು ತಮ್ಮ ಮಗ್ಗುಲಲ್ಲಿಟ್ಟುಕೊಂಡರು. "ಫಿಟ್ಸ್‌ಗೆ ನಾನು ಎದ್ರಲ್ಲ ಕಣವ್ವ, ಈ ಅಮಲ್ಗೆ ಎದ್ರುತೀನಿ. ಬೆಂಕಿ ಮುಂದೆ ಇನ್ ಕೂರ್ಬ್ಯಾಡ" ಅಂದರು.

ಮೂರು ಹೊತ್ತು ಮಾತ್ರೆ, ಮೂರು ಹೊತ್ತು ಅಮಲು. ಬಿಟ್ಟರೆ ಫಿಟ್ಸ್ ಬಂದು ಬೀಳುತ್ತೇನೆ, ತಗೊಂಡರೆ ಕಣ್ಣೂ ಕೈಯೂ ಹಿಡಿತಕ್ಕೆ ಸಿಗುವುದಿಲ್ಲ. ಅಪ್ಪನ ದೃಷ್ಟಿ ಮೊದಲಿನಂತಿಲ್ಲ, ಸಣ್ಣ ಕೆಲಸವೆಲ್ಲ ನಾನೇ ಮಾಡುತ್ತಿದ್ದೆ. ಅಕ್ಕಸಾಲಿಗರ ಮನೆಯಲ್ಲಿ ಹೆಣ್ಣುಮಗಳು ಬೆಂಕಿ ಊದುವುದಾ ಅಂತ ಬೀದಿಯವರೆಲ್ಲ ಮೂಗು ಮುರಿದಾಗ ಜಗ್ಗದ ಮನುಷ್ಯ ಈಗ ಹೇಳುತ್ತಾರೆ: "ಆಯುಧಪೂಜೆ ಗಂಟ ನೋಡ್ತೀನಿ. ಸರಿಹೋಗ್ನಿಲ್ಲ ಅಂದ್ರೆ ಬ್ಯಾರೆಯೋರ್ನ ಕೂರುಸ್ತೀನಿ."

ಆ ಜಾಗ ನನ್ನದು ಚಿಕ್ಕಮ್ಮ. ಹತ್ತನೇ ಕ್ಲಾಸಿನಲ್ಲಿ ಫೇಲಾದ ದಿನದಿಂದ ಕೂತು ಸವೆಸಿದ ಜಾಗ. ಯಾರಿಗೂ ಬಿಡುವುದಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ, ಅಮ್ಮ ಹೋದ ಮೇಲೂ ದಿನಾ ತಾವೇ ಎದ್ದು, ಅಮ್ಮ ಕೊಡುತ್ತಿದ್ದಂತೆಯೇ ಮಾತ್ರೆ ಕೊಡುವವರು ಅವರೇ. ಸಿಟ್ಟು ಅರ್ಧಕ್ಕೇ ನಿಲ್ಲುತ್ತದೆ.

ಮೈಸೂರಿನ ಡಾಕ್ಟರು ಹೋದ ಸಲ ಹೇಳಿದ್ದರಲ್ಲ, ಇದೇ ಔಷಧಿ ನಿಧಾನವಾಗಿ ಕರಗುವ ಮಾತ್ರೆಯಾಗಿಯೂ ಬರುತ್ತದೆ, ಎರಡು ಹೊತ್ತು ಸಾಕು, ಅಮಲು ಕಮ್ಮಿ ಅಂತ. ಆಗ ಸಿಕ್ಕಿರಲಿಲ್ಲ. ಇಲ್ಲಿಯ ಔಷಧಿ ಅಂಗಡಿಯಲ್ಲಿ ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ನಿನಗೆ ಶ್ರೀರಂಗಪಟ್ಟಣದಿಂದ ಮೈಸೂರು ಹಿತ್ತಲಿದ್ದಂತೆ. ಹೋಗಿ ವಿಚಾರಿಸು.

ಪ್ರಮೀಳಾ

*

ಶ್ರೀರಂಗಪಟ್ಟಣ
24-6-1996

ಮಗಳೇ ಪ್ರಮೀಳಾ,

ನೀನು ಕ್ಷೇಮ ಬರೆಯದಿದ್ದರೆ ಬಿಡು, ನಾನು ಬರೆಯುತ್ತೇನೆ. ಮಂಡಿ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕ್ಷೇಮವಾಗಿದೆ. ಆ ಮಂಡಿ ಎಳೆದುಕೊಂಡು ಮೈಸೂರಿಗೆ ಎರಡು ಸಲ ಹೋದೆ. ಮೊದಲ ಸಲ ಡಾಕ್ಟರು ಸಿಗಲಿಲ್ಲ. ಎರಡನೇ ಸಲ ಅವರ ಬಾಗಿಲಲ್ಲೇ ಬುತ್ತಿ ಬಿಚ್ಚಿ ಕೂತೆ, ಸಿಕ್ಕರು.

ನಿನ್ನ ಹಳೆಯ ಚೀಟಿ ನೋಡಿ ಹೊಸದು ಬರೆದುಕೊಟ್ಟಿದ್ದಾರೆ. ಈಗಿನ ಮಾತ್ರೆ ಹೊಟ್ಟೆಗೆ ಬಿದ್ದ ಕೂಡಲೇ ಕೊಡ ಬಗ್ಗಿಸಿದಂತೆ ಒಂದೇ ಸಲ ಸುರಿದುಬಿಡುತ್ತದಂತೆ, ಹೊಸದು ತೊಟ್ಟು ತೊಟ್ಟಾಗಿ ಇಳಿಯುತ್ತದಂತೆ. ಔಷಧಿ ಅದೇ, ಇಳಿಯುವ ರೀತಿ ಬೇರೆ. ಬೆಳಗ್ಗೆ ಒಂದು, ರಾತ್ರಿ ಒಂದು. ಹಾಗೇ ತಗೋಬೇಕು ಅಂತ ಡಾಕ್ಟರು ಒತ್ತಿ ಹೇಳಿದರು. ಮರೆಯಬೇಡ, ಹಾಗೇ ತಗೋ.

ಮಾತ್ರೆಯ ಪೊಟ್ಟಣವನ್ನು ನಾಗಮಂಗಲದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೇನೆ. ಬಸ್ ಸ್ಟ್ಯಾಂಡಿಗೆ ಹೋಗಿ ಈಸಿಕೋ. ಮೈಸೂರಿನ ಔಷಧಿ ಅಂಗಡಿಯವನು ಇನ್ನೂ ತರಿಸಿಕೊಡುತ್ತೇನೆ ಅಂದಿದ್ದಾನೆ, ಮುಗಿಯುವ ಮೊದಲೇ ಬರೆ.

ನಮ್ಮ ಲೋಕೇಶ ಪಾಂಡವಪುರದಲ್ಲಿ ಅವನ ಚಿಕ್ಕಪ್ಪನ ಅಂಗಡಿಯಲ್ಲೇ ಅಕ್ಕಸಾಲಿ ಕೆಲಸ ಕಲಿಯುತ್ತಿದ್ದಾನೆ. ಅವನ ವಿಷಯ ಬರೆಯುವಂಥದ್ದೇನಿಲ್ಲ.

ನಿನ್ನ ಜಾಗ ಎಲ್ಲೂ ಹೋಗುವುದಿಲ್ಲ. ನಿಮ್ಮಪ್ಪನ ಬಾಯಿ ಜೋರು, ಅಷ್ಟೇ.

ನಿನ್ನ ಚಿಕ್ಕಮ್ಮ
ಲಲಿತಮ್ಮ

*

ನಾಗಮಂಗಲ
9-7-1996

ಚಿಕ್ಕಮ್ಮ,

ಮಾತ್ರೆ ಬಂದ ದಿನ ನನಗೆ ಹಬ್ಬವಾಗಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಮುಂದೆ ಹೇಳುವುದೆಲ್ಲ ಬೇರೆ.

ನೀನು ಬರೆದಂತೆ ಹಾಗೇ ತಗೊಂಡೆ. ಮೊದಲ ದಿನವೇ ವಾಂತಿ. ದೀಪ ಎರಡಲ್ಲ, ಮೂರಾಯಿತು. ಬಚ್ಚಲಿಗೆ ಹೋಗಬೇಕಾದರೆ ಗೋಡೆ ಹಿಡಿಯಬೇಕು. ಮೊನ್ನೆ ಬಾಗಿಲ ಮುಂದಿನ ಚರಂಡಿಗೆ ಬಿದ್ದೆ. ಎದುರುಮನೆಯ ಕುಳ್ಳಮ್ಮ ಬಂದು ಎತ್ತಿದಳು. ಎತ್ತುತ್ತಾ, "ಆಚಾರ್ರ ಮಗ್ಳು ಕುಡ್ದೋರಂಗೆ ತೂರಾಡ್ತಾಳೆ" ಅಂತ ಬೀದಿಗೆಲ್ಲ ಕೇಳುವಂತೆ ಅಂದಳು. ಇಷ್ಟಾದ ಮೇಲೆ ಫಿಟ್ಸಾದರೂ ನಿಂತಿತಾ ಅಂದರೆ ಅದೂ ಇಲ್ಲ. ಸಂಜೆ ಅಮಲು ಇಳಿದರೆ ಅದು ಹಾಜರು.

ಇಷ್ಟೇ ಆಗಿದ್ದರೆ ಮಾತ್ರೆ ಮಾಡಿದವರನ್ನು ಬೈದು ಸುಮ್ಮನಾಗುತ್ತಿದ್ದೆ. ನಿನ್ನೆ ಪಾಂಡವಪುರದ ಬಸ್ಸಿನಿಂದ ಯಾರಿಳಿದರು ಹೇಳು? ನಿನ್ನ ಮಗ ಲೋಕೇಶ. ಬ್ಯಾಗಿನಲ್ಲಿ ಹೊಸ ಚಿಮುಟ, ಹೊಸ ಅರ. "ದೊಡ್ಡಪ್ಪ ಕಾಗ್ದ ಬರ್ದಿದ್ರು ಕಣಕ್ಕ, ಅವ್ವ ಕಳುಸ್ತು" ಅಂದ. ಆಯುಧಪೂಜೆ ತನಕ ನೋಡುತ್ತೇನೆ ಅಂದಿದ್ದ ಅಪ್ಪ ನಿನಗೆ ಜೂನ್ ತಿಂಗಳಲ್ಲೇ ಬರೆದಿದ್ದರಂತೆ. ಅಂದರೆ ನನ್ನ ಜಾಗ ಎಲ್ಲೂ ಹೋಗುವುದಿಲ್ಲ ಅಂತ ನೀನು ಬರೆಯುವಾಗ ಅಪ್ಪನ ಕಾಗದ ನಿನ್ನ ಕೈಯಲ್ಲೇ ಇತ್ತು.

ನಾನು ಸುತ್ತಿ ಬಳಸಿ ಕೇಳುವವಳಲ್ಲ. ನನ್ನನ್ನು ಬೀಳಿಸುವ ಮಾತ್ರೆ ಒಂದು ಬಸ್ಸಿನಲ್ಲಿ ಬಂತು, ನನ್ನ ಜಾಗಕ್ಕೆ ನಿನ್ನ ಮಗ ಇನ್ನೊಂದು ಬಸ್ಸಿನಲ್ಲಿ ಬಂದ. ನಾನು ಏನಂದುಕೊಳ್ಳಬೇಕು? ಅಮ್ಮ ಇದ್ದಿದ್ದರೆ ನಿನ್ನ ತಂಗಿ ಇಂಥವಳಾ ಅಂತ ಅವಳನ್ನು ಕೇಳುತ್ತಿದ್ದೆ. ಅವಳಿಲ್ಲ, ನಿನ್ನನ್ನೇ ಕೇಳುತ್ತಿದ್ದೇನೆ.

ಪ್ರಮೀಳಾ

*

ಶ್ರೀರಂಗಪಟ್ಟಣ
14-7-1996

ಪ್ರಮೀಳಾ,

ನಿನ್ನ ಕಾಗದ ಓದಿ ನನಗೆ ಅನ್ನ ಸೇರಲಿಲ್ಲ ಅಂತ ಬರೆಯುತ್ತೇನೆ ಅಂದುಕೊಂಡೆಯಾ? ಚೆನ್ನಾಗಿ ಉಂಡೆ. ಬೈಯುವುದಕ್ಕೆ ಮೈಯಲ್ಲಿ ಶಕ್ತಿ ಬೇಕು.

ನಿಮ್ಮಪ್ಪನ ಕಾಗದ ಬಂದದ್ದು ನಿಜ, ನಾನು ಮುಚ್ಚಿಟ್ಟದ್ದೂ ನಿಜ. ಭಾವ ಏನು ಬರೆದಿದ್ದರು ಗೊತ್ತಾ? ಲೋಕೇಶನನ್ನು ಕಳಿಸದಿದ್ದರೆ ಕೆ.ಆರ್. ಪೇಟೆಯಿಂದ ಯಾರನ್ನೋ ಕರೆಸುತ್ತೇನೆ, ಹೆಂಡತಿ ಮಕ್ಕಳ ಸಮೇತ ಬಂದು ಇರುತ್ತಾನೆ ಅಂತ. ಅಂಥವನು ಒಂದು ಸಲ ಕೂತರೆ ಏಳುತ್ತಾನಾ? ನನ್ನ ಮಗನಾದರೆ ನಾನೇ ಬಂದು ಕಿವಿ ಹಿಡಿದು ಎಬ್ಬಿಸಬಹುದು. ಅದಕ್ಕೇ ಕಳಿಸಿದೆ. ನಿನಗೆ ಮೊದಲೇ ಹೇಳಿದ್ದರೆ ಮಾತ್ರೆಯನ್ನೂ ಮುಟ್ಟದೆ ಅಪ್ಪನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಮೊದಲು ಮೈ ಸರಿಹೋಗಲಿ ಅಂದುಕೊಂಡೆ. ತಪ್ಪಾ? ತಪ್ಪಾದರೆ ಆಗಲಿ. ನಿನ್ನ ಒಳ್ಳೆಯದಕ್ಕೆ ಸುಳ್ಳು ಹೇಳುವ ಹಕ್ಕು ನನಗಿದೆ ಅಂತಲೇ ನಾನು ತಿಳಿದಿರುವುದು.

ಇನ್ನು ಮಾತ್ರೆ. ಮಾತ್ರೆ ಕೆಟ್ಟದ್ದಲ್ಲ. ಅದೇ ಡಾಕ್ಟರ ಹತ್ತಿರ ಬರುವ ಒಬ್ಬ ಹುಡುಗ, ನಿನಗಿರುವುದೇ ಅವನಿಗೂ, ಅದೇ ಮಾತ್ರೆ ತಗೊಂಡು ಕಾಲೇಜಿಗೆ ಹೋಗುತ್ತಿದ್ದಾನೆ. ಅವನಿಗೆ ಹಿಡಿಸಿದ್ದು ನಿನಗೆ ಯಾಕೆ ಹೀಗಾಯಿತು? ಡಾಕ್ಟರನ್ನು ಕೇಳಬೇಕು, ಬಾಯಿಗೆ ಬಂದಂತೆ ಕೇಳುವುದಕ್ಕಾಗುವುದಿಲ್ಲ. ಹಾಳೆಯಿಂದ ಮಾತ್ರೆ ಬಿಡಿಸಿದಲ್ಲಿಂದ ಹೊಟ್ಟೆಗೆ ಹೋಗುವ ತನಕ ಏನೇನು ಮಾಡುತ್ತೀಯ, ಬರೆ. ಒಂದನ್ನೂ ಬಿಡಬೇಡ. ಸಿಟ್ಟಿದ್ದರೆ ಇರಲಿ, ಸಿಟ್ಟಿನಲ್ಲೇ ಬರೆ.

ಲಲಿತಮ್ಮ

*

ನಾಗಮಂಗಲ
20-7-1996

ಚಿಕ್ಕಮ್ಮ,

ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ, ಬೇರೇನೂ ಬರೆಯುವುದಿಲ್ಲ.

ಹಾಳೆಯಿಂದ ಮಾತ್ರೆ ಬಿಡಿಸುವವರು ಅಪ್ಪ. ಹೊಸದರ ಮೇಲೆ ನಯವಾಗಿ ಬಣ್ಣದ ಲೇಪ ಇದೆ. ಅದನ್ನು ಕಂಡ ಕೂಡಲೇ ಅಪ್ಪನ ಮುಖ ಗಂಟಿಕ್ಕಿತು. "ಗಿಲೀಟು ಆಕವ್ರೆ ಕಣವ್ವ. ಗಿಲೀಟು ಮಾಲು ಯಾವತ್ತೂ ಒಳ್ಗೇನೋ ಮುಚ್ಕಂಡಿರ್ತದೆ. ಈ ಬಣ್ಣ ಒಟ್ಟೆಗ್ಯಾಕೆ?" ಅಂದರು. ಸಣ್ಣ ಅರ ತೆಗೆದುಕೊಂಡು ಒಡವೆ ಉಜ್ಜಿದಷ್ಟೇ ನಾಜೂಕಾಗಿ ಮೇಲಿನದೆಲ್ಲ ಉಜ್ಜಿ ಹಾಕುತ್ತಾರೆ. ಒಳಗಿನ ಔಷಧಿ ಒಂದು ಚೂರೂ ಆಚೆ ಬೀಳುವುದಿಲ್ಲ. ಆಮೇಲೆ ಅಮ್ಮನ ತೇಯುವ ಕಲ್ಲಿನ ಮೇಲೆ ಜೇನು ಹಾಕಿ ನುಣ್ಣಗೆ ತೇದು, ಬೆರಳಲ್ಲಿ ತೆಗೆದು ನನ್ನ ನಾಲಿಗೆಗೆ ಹಚ್ಚುತ್ತಾರೆ. ಚಿಕ್ಕಂದಿನಿಂದ ಮಾತ್ರೆ ನುಂಗಿದರೆ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಅಮ್ಮ ಹಾಗೆ ಕೊಡುತ್ತಿದ್ದಳು, ಅಪ್ಪ ಈಗಲೂ ಹಾಗೇ ಕೊಡುತ್ತಾರೆ. ನೀನೂ ಹಾಗೇ ತಗೋ ಅಂತ ಎರಡು ಸಲ ಬರೆದಿದ್ದೆ. ಅಪ್ಪನಿಗೆ ಓದಿ ಹೇಳಿದೆ. "ನೋಡು, ಡಾಕ್ಟ್ರೂ ಅಂಗೇ ಅಂದವ್ರೆ" ಅಂತ ಅವರಿಗೆ ಸಮಾಧಾನವಾಯಿತು.

ಲೋಕೇಶ ಅಂಗಡಿಯಲ್ಲಿ ನನ್ನ ಜಾಗದಲ್ಲಿ ಕೂರುತ್ತಾನೆ. ಬೆಸುಗೆ ಹಾಕಲು ಬರುವುದಿಲ್ಲ. ಇದನ್ನು ಕೇಳಿರಲಿಲ್ಲ ನೀನು, ಆದರೂ ಬರೆದಿದ್ದೇನೆ.

ಪ್ರಮೀಳಾ

*

ಶ್ರೀರಂಗಪಟ್ಟಣ
26-7-1996

ಪ್ರಮೀಳಾ, ಅಯ್ಯೋ ನನ್ನ ಮಗಳೇ,

ನಿನ್ನ ಕಾಗದ ಬಂದ ದಿನವೇ ಮೈಸೂರಿಗೆ ಓಡಿದೆ. ಓದಿ ಹೇಳಿದರೆ ಡಾಕ್ಟರು ಪೆನ್ನು ಕೆಳಗಿಟ್ಟರು. "ತೇದು ಕೊಟ್ರಾ?" ಅಂತ ಎರಡು ಸಲ ಕೇಳಿದರು.

ಆ ಮಾತ್ರೆಯನ್ನು ತೇಯಬಾರದಂತೆ, ಪುಡಿ ಮಾಡಬಾರದಂತೆ, ಅಗಿಯಬಾರದಂತೆ. ನಿಧಾನವಾಗಿ ಕರಗುವ ಹಾಗೆ ಕಟ್ಟಿರುವುದೇ ಅದರ ಉಪಾಯ. ತೇದರೆ ಅರ್ಧ ದಿನದ ಔಷಧಿಯೆಲ್ಲ ಒಂದೇ ಏಟಿಗೆ ಮೈಗೆ ಹತ್ತುತ್ತದೆ. ಅದಕ್ಕೇ ವಾಂತಿ, ಅದಕ್ಕೇ ತೂರಾಟ. ಸಂಜೆಯ ಪಾಲಿಗೆ ಏನೂ ಉಳಿಯುವುದಿಲ್ಲ, ಅದಕ್ಕೇ ಫಿಟ್ಸು. ನಾನು ಹಾಗೇ ಅಂತ ಬರೆದದ್ದು ಇಡಿಯಾಗಿ, ಇದ್ದದ್ದು ಇದ್ದ ಹಾಗೇ ಅಂತ. ನೀವು ಓದಿಕೊಂಡದ್ದು ಮೊದಲಿನ ಹಾಗೇ ಅಂತ. ಡಾಕ್ಟರು ಕನ್ನಡದಲ್ಲೇ ಹೇಳಿದರು, ನಾನು ಕನ್ನಡದಲ್ಲೇ ಬರೆದೆ, ಆದರೂ ನೀನು ಚರಂಡಿಗೆ ಬಿದ್ದೆಯಲ್ಲೇ.

ಇನ್ನು ಮೇಲೆ ಒಂದು ಲೋಟ ನೀರು, ಒಂದು ಮಾತ್ರೆ, ಗುಟುಕ್ ಅಂತ ನುಂಗು. ಗಂಟಲಲ್ಲಿ ಸಿಕ್ಕಿಕೊಂಡರೆ ಬಾಳೆಹಣ್ಣಿನ ಚೂರಿನೊಳಗಿಟ್ಟು ನುಂಗು. ಫಿಟ್ಸ್ ಪೂರ್ತಿ ನಿಲ್ಲುತ್ತದೆ ಅಂತ ಡಾಕ್ಟರು ಮಾತು ಕೊಟ್ಟಿಲ್ಲ. ಅಮಲು ಕಮ್ಮಿಯಾಗುತ್ತದೆ ಅಂದಿದ್ದಾರೆ. ಬೆಂಕಿಯ ಹತ್ತಿರ ಒಬ್ಬಳೇ ಇರಬಾರದು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಒಂದು ತಿಂಗಳು ನೋಡಿ ಬರಲಿ ಅಂದರು.

ನಿಮ್ಮಪ್ಪನಿಗೆ ನೀನೇ ಹೇಳು. ನಾನು ಬರೆದರೆ, ಅವರ ಕೈಯಿಂದಲೇ ಮಗಳಿಗೆ ಹೀಗಾಯಿತು ಅಂತ ಬರೆಯಬೇಕಾಗುತ್ತದೆ. ನನಗೆ ಕೈ ಬರುವುದಿಲ್ಲ.

ಲಲಿತಮ್ಮ

*

ನಾಗಮಂಗಲ
25-8-1996

ಪ್ರೀತಿಯ ಚಿಕ್ಕಮ್ಮ,

ಹಿಂದೊಂದು ಕಾಗದದಲ್ಲಿ ನಿನ್ನನ್ನು ಏನೇನೋ ಅಂದೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ, ನೀನೂ ಕಾಗದ ಮುಚ್ಚಿಟ್ಟಿದ್ದೆ. ಇಬ್ಬರದ್ದೂ ಸರಿಹೋಯಿತು ಅಂತ ಇಟ್ಟುಕೊಳ್ಳೋಣ.

ನಿನ್ನ ಕಾಗದ ಬಂದ ಮಾರನೆಯ ಬೆಳಗ್ಗೆ ಅಪ್ಪ ಕಲ್ಲು ತೊಳೆದುಕೊಂಡು, ಜೇನಿನ ಬಾಟಲಿ ಇಟ್ಟುಕೊಂಡು ಕೂತಿದ್ದರು. ನಾನು ಹೋಗಿ ಅವರ ಅಂಗೈಯಿಂದ ಮಾತ್ರೆ ತೆಗೆದುಕೊಂಡೆ. "ಅಪ್ಪ, ಇನ್ ತೇಯ್ಬ್ಯಾಡ. ಇಡಿಯಾಗಿ ನುಂಗ್ಬೇಕಂತೆ" ಅಂದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅಪ್ಪ ಕಲ್ಲಿನ ಮೇಲೆ ಕೈಯಾಡಿಸಿದರು. "ನಿಮ್ಮವ್ವ ತೇಯ್ತಿದ್ ಕಲ್ಲು. ನನ್ ಕೈಯ್ಯೇ ನಿಂಗೆ ವಿಸ ಆಗೋಯ್ತಾ?" ಅಂದರು.

ನನಗೆ ಅಳು ಬಂತು. ಆದರೂ ಮಾತ್ರೆ ವಾಪಸು ಕೊಡಲಿಲ್ಲ. "ನಿನ್ ಕೈ ವಿಸ ಅಲ್ಲ ಕಣಪ್ಪ. ನಂಗೆ ಬೆಂಕಿ ಮುಂದೆ ಕೂರ್ಬೇಕು. ಅದ್ಕೆ ನುಂಗ್ತೀನಿ" ಅಂದು ಬಾಯಿಗೆ ಹಾಕಿಕೊಂಡೆ. ಗಂಟಲಲ್ಲಿ ಸಿಕ್ಕಿಕೊಂಡು ಮಾತ್ರೆ ಆಚೆ ಬಂತು. ಅಪ್ಪನ ಕೈ ಕಲ್ಲಿನ ಕಡೆ ಹೋಯಿತು. ನಾನು ಅದೇ ಮಾತ್ರೆಯನ್ನು ಮತ್ತೆ ಹಾಕಿಕೊಂಡು ಲೋಟದ ನೀರೆಲ್ಲ ಕುಡಿದೆ. ಈ ಸಲ ಇಳಿಯಿತು. ಅಪ್ಪ ಎದ್ದು ಹೋದರು.

ಈಗ ಕೇಳು. ದೀಪ ಒಂದೇ ಕಾಣುತ್ತದೆ. ಬೆಳಗ್ಗೆ ಹೊತ್ತು ತಲೆ ಸ್ವಲ್ಪ ಭಾರ, ಅಷ್ಟೇ. ಈ ತಿಂಗಳಲ್ಲಿ ಒಂದು ಸಲ ಫಿಟ್ಸ್ ಬಂತು, ಸಣ್ಣದು. ಮುಚ್ಚಿಡುವುದಿಲ್ಲ. ಮೈಸೂರಿಗೆ ಬಂದಾಗ ಡಾಕ್ಟರಿಗೂ ಹೇಳುತ್ತೇನೆ.

ಮುಚ್ಚಿಡುವ ಕೆಲಸ ಅಪ್ಪ ಶುರುಮಾಡಿದ್ದಾರೆ. ಲೋಕೇಶನಿಗೆ ಬೆಸುಗೆ ಬರಲಿಲ್ಲ, ಗಿರಾಕಿಗಳು ಕಾಯುತ್ತಿದ್ದರು. ಒಂದು ದಿನ ಅಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಣ್ಣ ಅಗ್ಗಿಷ್ಟಿಕೆ ಇಟ್ಟು, ನಡುವೆ ಪರದೆ ಕಟ್ಟಿದರು. "ಇಲ್ಲಿ ಮಾಡು. ಲೋಕೇಶ ಪಕ್ಕದಲ್ಲಿರ್ತಾನೆ. ಯಾರ್ಗೂ ಯೋಳ್ಬ್ಯಾಡ" ಅಂದರು. ನಾನು ಮಾಡುತ್ತೇನೆ, ಲೋಕೇಶ ಮುಂದೆ ಹೋಗಿ ಕೊಡುತ್ತಾನೆ. ಊರೆಲ್ಲ ಆಚಾರ್ರ ತಂಗಿ ಮಗನ ಕೈ ಚೆನ್ನಾಗಿದೆ ಅನ್ನುತ್ತಿದೆ. ನಾದಿನಿ ಮಗ ಅನ್ನುವುದಕ್ಕೂ ಜನಕ್ಕೆ ಬರುವುದಿಲ್ಲ. ಅವನೇನೋ ಪಾಪ, ಹೊಗಳಿದಾಗಲೆಲ್ಲ ತಲೆ ತಗ್ಗಿಸುತ್ತಾನೆ.

ಬೆಂಕಿ ಸಿಕ್ಕಿತು, ಜಾಗ ಸಿಗಲಿಲ್ಲ. ಸದ್ಯಕ್ಕೆ ಮಾಡುತ್ತಿದ್ದೇನೆ. ಹೀಗೇ ಇರುತ್ತೇನೆ ಅಂದುಕೊಳ್ಳಬೇಡ.

ಪ್ರಮೀಳಾ

*

ಶ್ರೀರಂಗಪಟ್ಟಣ
6-9-1996

ಮಗಳೇ,

ದೀಪ ಒಂದೇ ಕಾಣುತ್ತದೆ ಅನ್ನುವ ಸಾಲನ್ನು ನಿಮ್ಮ ಚಿಕ್ಕಪ್ಪನಿಗೆ ಮೂರು ಸಲ ಓದಿ ಹೇಳಿದೆ. ಮುಂದಿನದನ್ನು ಓದಲಿಲ್ಲ, ನಾಚಿಕೆಯಾಯಿತು. ನನ್ನ ಮಗ ನಿನ್ನ ಕೆಲಸಕ್ಕೆ ಹೆಸರು ಹೊತ್ತುಕೊಂಡು ತಿರುಗುವುದಕ್ಕೆ ನಾನು ಕಳಿಸಿದ್ದಲ್ಲ.

ಬಂದುಬಿಡು ಇಲ್ಲಿಗೆ. ನನ್ನ ಮನೆಯ ಜಗುಲಿಯಲ್ಲೇ ಅಗ್ಗಿಷ್ಟಿಕೆ ಹಾಕಿಕೊಡುತ್ತೇನೆ. ಪರದೆ ಕಟ್ಟುವುದಿಲ್ಲ. ಯಾರಾದರೂ ಕೇಳಿದರೆ ನಾನು ಉತ್ತರ ಹೇಳುತ್ತೇನೆ. ನಿಮ್ಮಪ್ಪ ಬದಲಾಗುವವರಲ್ಲ, ಅಮ್ಮನ ಕಲ್ಲು ಬಿಡುವುದಕ್ಕೇ ಅಷ್ಟು ಕಷ್ಟಪಟ್ಟ ಮನುಷ್ಯ ಊರಿನ ಬಾಯಿಗೆ ಎದುರು ನಿಲ್ಲುತ್ತಾರಾ? ಸುಮ್ಮನೆ ಅಲ್ಲಿ ಕೂತು ಕೊರಗಬೇಡ.

ಲಲಿತಮ್ಮ

*

ನಾಗಮಂಗಲ
31-10-1996

ಚಿಕ್ಕಮ್ಮ,

ಬರುವುದಿಲ್ಲ ಅಂತ ಬರೆಯಲು ಮನಸ್ಸಾಗಲಿಲ್ಲ, ಬರುತ್ತೇನೆ ಅಂತಲೂ ಆಗಲಿಲ್ಲ. ಅದಕ್ಕೇ ಇಷ್ಟು ದಿನ ಕಾಗದವಿಲ್ಲ. ನೀನು ಜಗುಲಿ ಬಿಟ್ಟುಕೊಡುತ್ತೇನೆ ಅಂದದ್ದು ನನಗೆ ಎಷ್ಟು ಬಲ ಕೊಟ್ಟಿತು ಅಂದರೆ, ಆ ಬಲದಲ್ಲೇ ಇಲ್ಲಿ ನಿಂತೆ.

ಆಯುಧಪೂಜೆಯ ದಿನ ಅಪ್ಪ ಲೋಕೇಶನನ್ನೇ ಮುಂದೆ ಕೂರಿಸಿ ಪೂಜೆ ಮಾಡಿಸಿದರು. ನಾನು ಪರದೆಯ ಹಿಂದಿನಿಂದ ಮಂಗಳಾರತಿ ತಗೊಂಡೆ. ಒಳಗೆ ಬಿಂಡಿಗನವಿಲೆಯ ಅಣ್ಣಮ್ಮನವರ ಮಗಳ ತಾಳಿ ಅರ್ಧಕ್ಕೆ ನಿಂತಿತ್ತು, ಹಬ್ಬ ಕಳೆದ ಮೇಲೆ ಅದನ್ನು ಮುಗಿಸಿದೆ. ನಾನು ಮಾಡಿದ್ದರಲ್ಲೆಲ್ಲ ಅದು ಚೆನ್ನಾಗಿತ್ತು. ಬೆಸುಗೆ ಎಲ್ಲಿದೆ ಅಂತ ಅಪ್ಪನೂ ಹುಡುಕಿದರು.

ಹೋದ ಗುರುವಾರ ಅಣ್ಣಮ್ಮ ಬಂದರು. ದೊಡ್ಡ ಒಕ್ಕಲು ಮನೆತನ, ಮೂರು ತಲೆಮಾರಿನಿಂದ ನಮ್ಮ ಗಿರಾಕಿ. ತಾಳಿಯನ್ನು ಕಣ್ಣಿಗೊತ್ತಿಕೊಂಡು, "ಯಾರ್ ಮಾಡಿದ್ದು ಆಚಾರ್ರೆ, ಇಷ್ಟ್ ಲಕ್ಷಣವಾಗಿ?" ಅಂದರು. ಅಪ್ಪ ಲೋಕೇಶನ ಕಡೆ ಕೈ ತೋರಿಸಿ, "ನಮ್ ಹುಡ್ಗ" ಅಂದರು.

ನನಗೆ ತಡೆಯಲಾಗಲಿಲ್ಲ. ಪರದೆ ಸರಿಸಿ ಆಚೆ ಬಂದೆ. "ಅಣ್ಣಮ್ಮಾರೇ, ತಾಳಿ ಮಾಡಿದ್ದು ನಾನು" ಅಂದೆ.

ಅಣ್ಣಮ್ಮನವರ ನಗು ಮುಖದಲ್ಲೇ ನಿಂತಿತು. "ನಿಂಗೆ ಫಿಟ್ಸ್ ಬತ್ತದೆ ಅಂತಿದ್ರಲ್ಲವ್ವ."

"ಬತ್ತದೆ. ಮಾತ್ರೆ ತಗೋತೀನಿ. ಕೆಲ್ಸಾನೂ ಮಾಡ್ತೀನಿ."

ಅವರು ತಾಳಿಯನ್ನು ತಕ್ಕಡಿಯ ಪಕ್ಕದಲ್ಲಿ ಇಟ್ಟುಬಿಟ್ಟರು. "ಬೇಜಾರ್ ಮಾಡ್ಕಬ್ಯಾಡ. ಮೂರ್ಛೆ ಬೀಳೋ ಕೈಲಿ ಮಾಡಿದ್ ತಾಳಿಯ ನನ್ ಮಗ್ಳ ಕುತ್ಗೆಗೆ ಎಂಗ್ ಕಟ್ಟುಸ್ಲಿ?" ಅಂದರು. ಅಪ್ಪ ಏನೋ ಸಮಾಧಾನ ಹೇಳಲು ಹೋದರು, ನನ್ನ ಮಗಳಿಗೆ ತಮಾಷೆ ಜಾಸ್ತಿ ಅಂತ. ಅದು ನನಗೆ ಅಣ್ಣಮ್ಮನವರ ಮಾತಿಗಿಂತ ಹೆಚ್ಚು ಚುಚ್ಚಿತು.

"ಕಟ್ಟುಸ್ಬ್ಯಾಡಿ" ಅಂದೆ. "ನಿಮ್ ಚಿನ್ನ ನಿಮ್ಗೆ ಕೊಡ್ತೀನಿ, ಕೂತ್ಕಳಿ."

ಅಗ್ಗಿಷ್ಟಿಕೆಯ ಮುಂದೆ ಬಂದೆ. ಲೋಕೇಶ ನಾನು ಹೇಳುವ ಮೊದಲೇ ಎದ್ದು ಪಕ್ಕಕ್ಕೆ ಕೂತ. ನನ್ನ ಜಾಗದಲ್ಲಿ ನಾನು ಕೂತೆ, ತಾಳಿಯನ್ನು ಚಿನ್ನ ಕರಗಿಸುವ ಮೂಸೆಗೆ ಹಾಕಿದೆ. ಅಪ್ಪ, "ಬ್ಯಾಡ ಕಣವ್ವ, ಅದು ತಾಳಿ" ಅಂದರು. "ಇನ್ನೂ ಯಾರೂ ಕಟ್ಟಿಲ್ಲ ಕಣಪ್ಪ. ಈಗ ಬರೀ ಚಿನ್ನ" ಅಂದು ಊದುಗೊಳವೆ ತಗೊಂಡೆ. ಬೆಂಕಿ ಒಂದೇ ಕಂಡಿತು. ಉಸಿರು ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದು ಅಂಚಿನಿಂದ ಕರಗುತ್ತಾ ಬಂದು ಗುಂಡಗೆ ಕೂತಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ತಣಿಸಿ, ತೂಗಿ, ಅಣ್ಣಮ್ಮನವರ ಅಂಗೈ ಮೇಲೆ ಇಟ್ಟೆ. ಅವರು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು. ಬಾಗಿಲ ಹತ್ತಿರ ಒಂದು ಸಲ ತಿರುಗಿ ನೋಡಿದರು, ಹೋದರು. ಇನ್ನು ಅವರು ಬರುವುದಿಲ್ಲ.

ಅಪ್ಪ ಬೈಯುತ್ತಾರೆ ಅಂತ ಕಾದೆ. ನಿನ್ನ ಜಗುಲಿಯನ್ನೂ ನೆನೆದುಕೊಂಡೆ. ಅವರು ಬೈಯಲಿಲ್ಲ. ಸಂಜೆ ತನಕ ಮೂಸೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದರು. ಆಮೇಲೆ ಪರದೆ ಬಿಚ್ಚಿ ಮಡಿಸಿದರು. ಲೋಕೇಶ ಬಂದು, "ಅಕ್ಕ, ನಂಗೆ ಬೆಸ್ಗೆ ಕಲ್ಸು, ನೀನ್ ಮಾಡೋವಾಗ ನಾನು ಪಕ್ಕದಲ್ಲೇ ಇರ್ತೀನಿ" ಅಂದ. ನಿನ್ನ ಮಗನ ಕಿವಿ ಹಿಡಿಯುವ ಕೆಲಸ ನಿನಗೆ ಉಳಿಯಲಿಲ್ಲ.

ಇವತ್ತು ಬೆಳಗ್ಗೆ ಬೆಳ್ಳೂರಿನಿಂದ ಕೆಂಪಣ್ಣ ಅನ್ನುವವರು ಬಂದರು, ನಮ್ಮ ಅಂಗಡಿಗೆ ಹೊಸಬರು. ಮಗಳಿಗೆ ತಾಳಿ ಮಾಡಿಸಬೇಕು ಅಂತ ಚಿನ್ನ ತಂದಿದ್ದರು. ನಾನು ಮುಂದೆಯೇ ಕೂತಿದ್ದೆ. ಅವರು ಚೀಲ ಬಿಚ್ಚುವ ಮೊದಲೇ ಅಪ್ಪ ಕೈ ಅಡ್ಡ ಇಟ್ಟರು. "ಮೊದ್ಲೇ ಯೋಳ್ಬುಡ್ತೀನಿ ಯಜಮಾನ್ರೆ. ಮಾಡೋಳು ನನ್ ಮಗ್ಳು. ಅವುಳ್ಗೆ ಫಿಟ್ಸ್ ಬತ್ತದೆ, ಮಾತ್ರೆ ನುಂಗ್ತಾಳೆ. ಈ ತಾಲ್ಲೂಕಲ್ಲಿ ಅವುಳ್ಗಿಂತ ಚೆಂದಾಗ್ ಮಾಡೋರ್ ಇಲ್ಲ. ಆಗೋದಾದ್ರೆ ಕೊಡಿ, ಆಗ್ದಿದ್ರೆ ಬಸ್ಸು ಅತ್ಕಳಿ" ಅಂದರು.

ಕೆಂಪಣ್ಣ ಇನ್ನೂ ಏನೂ ಕೇಳಿಯೇ ಇರಲಿಲ್ಲ, ಚಿಕ್ಕಮ್ಮ.

ಪ್ರಮೀಳಾ